ಮಲಪ್ರಭೆಯ ಜಮಾಖರ್ಚು

ಕಿತ್ತೂರಿನ ಕಾಳಗವು ಕೋಟೆಯ ಬಾಗಿಲಿನಲ್ಲಿ ನಡೆಯಿತೆಂದು ನಮ್ಮ ಶಾಲೆಗಳಲ್ಲಿ ಕಲಿಸುತ್ತಾರೆ. ನಿಜ, ಆದರೆ ಅದರ ಮೂಲವು ಬೊಕ್ಕಸದ ಬಾಗಿಲಿನಲ್ಲಿತ್ತು. ಧಾರವಾಡದ ಕಲೆಕ್ಟರ ಥ್ಯಾಕರೆಯು ದತ್ತಕವನ್ನು ಮನ್ನಿಸದೆ, ಸಂಸ್ಥಾನದ ಖಜಾನೆಗೆ ಮೊಹರು ಒತ್ತಿಸಿ ಕಾವಲು ಕೂರಿಸಿದ ಮೇಲೆಯೇ 1824ನೆಯ ಇಸವಿಯ ಅಕ್ಟೋಬರ 23ರಂದು ಚೆನ್ನಮ್ಮ ರಾಣಿಯ ದಂಡು ಹೊರಬಿದ್ದುದು, ಥ್ಯಾಕರೆಯು ಹತನಾದುದು. ನಾಡಿನ ದ್ರವ್ಯದ ಕೀಲಿಕೈ ಯಾರಲ್ಲಿರಬೇಕೆಂಬ ಪ್ರಶ್ನೆಯು ಸಂಪಗಾಂವ ಸೀಮೆಯವರಿಗೆ ಹೊಸದಲ್ಲ. 1939ರ ಏಪ್ರಿಲದಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ಕರಭಾರವನ್ನು ತಾಳಲಾರದೆ ಎದ್ದಾಗಲೂ ಇದೇ ಪ್ರಶ್ನೆಯು ರಕ್ತದಲ್ಲಿ ಕೇಳಲ್ಪಟ್ಟಿತು.

ಈಗ ಕಲೆಕ್ಟರನ ಮೊಹರಿಲ್ಲ, ಸಂಸ್ಥಾನಿಕನ ಅಪ್ಪಣೆಯಿಲ್ಲ. 1956ರಲ್ಲಿ ಕನ್ನಡ ನಾಡು ಒಂದಾಯಿತು. ನಾವು ಆರಿಸಿ ಕಳಿಸಿದವರೇ ಮುಂಗಡಪತ್ರವನ್ನು ಮಂಜೂರು ಮಾಡುತ್ತಾರೆ. ಹೀಗಿದ್ದೂ, ಬೈಲಹೊಂಗಲ ಪೇಟೆಯ ಅಡತಿ ಅಂಗಡಿಯ ಗುಮಾಸ್ತನು ದೀಪ ಹಚ್ಚುವ ಹೊತ್ತಿಗೆ ಕಿರ್ದಿಯನ್ನು ತಾಳೆ ನೋಡಿ ಮುಚ್ಚಿಡುವಂತೆ, ಮಲಪ್ರಭೆಯ ಹೆಸರಿನಲ್ಲಿ ಇಷ್ಟು ಹಣ ಹೋಯಿತು, ಇಷ್ಟು ನೀರು ಬಂದಿತು ಎಂದು ನಮ್ಮ ಊರಿಗೆ ಬಂದು ಓದಿ ಹೇಳುವ ಏರ್ಪಾಡು ಮಾತ್ರ ಇಲ್ಲ. ಪುಸ್ತಕಗಳು ಅಚ್ಚಾಗುತ್ತವೆ. ಲೆಕ್ಕ ಪರಿಶೋಧಕರ ವರದಿಯು ವಿಧಾನಮಂಡಲದ ಮೇಜಿನ ಮೇಲೆ ಕೂಡುತ್ತದೆ. ಅಲ್ಲಿಂದ ಅದು ಸವದತ್ತಿಯ ಹಾದಿ ಹಿಡಿದುದನ್ನು ನಾವು ಕಾಣೆವು.

ನವಿಲುತೀರ್ಥದ ಆಣೆಕಟ್ಟು 1972ರಲ್ಲಿ ಮುಗಿಯಿತು. ಕಟ್ಟೆ ಮುಗಿದರೆ ಕೆಲಸ ಮುಗಿದಂತೆ ಎಂದು ಅಂದಿನವರು ತಿಳಿದರೋ ಏನೋ! ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟುವ ಮೊದಲೇ, ಭೂಮಿಯ ಬೆಲೆಯು ಏರಿತೆಂದು ಅಭಿವೃದ್ಧಿ ಕರದ ತಗಾದೆಯು ರೈತನ ಮನೆಯನ್ನು ಮುಟ್ಟಿತು. ನಮ್ಮ ಸೀಮೆಯಾಚೆ, ಅದೇ ನೀರಿನ ಆಸೆಯ ಮೇಲೆ ಕುಳಿತಿದ್ದ ನರಗುಂದ ನವಲಗುಂದಗಳಲ್ಲಿ 1980ರ ಜುಲೈ 21ರಂದು ಗೋಲೀಬಾರು ನಡೆದು ರೈತರು ಸತ್ತರು. ಜಮಾ ಬರೆಯುವಾಗ ಸರಕಾರಕ್ಕೆ ಇದ್ದ ಅವಸರವು, ಖರ್ಚಿನ ಫಲವನ್ನು ಅಳೆಯುವಾಗ ಇರಲಿಲ್ಲ.

ಇದರಿಂದ ಪಾಠ ಕಲಿತರೇ? ಕಳಸಾ ಬಂಡೂರಿಯ ಕಥೆಯನ್ನು ನೋಡಿರಿ. ಮಹದಾಯಿಯ ಹಳ್ಳಗಳಿಂದ 7.56 ಟಿ.ಎಂ.ಸಿ. ನೀರನ್ನು ಮಲಪ್ರಭೆಗೆ ತಿರುಗಿಸುವ ಈ ಯೋಜನೆಗೆ 2000ದಲ್ಲಿ ಹಿಡಿದ ಅಂದಾಜು 94 ಕೋಟಿ ರೂಪಾಯಿ. 2020ರ ಅಂದಾಜು 1677 ಕೋಟಿಯನ್ನು ದಾಟಿತು. ನೀರಾದರೂ ಬೆಳೆಯಿತೇ? 2018ರಲ್ಲಿ ನ್ಯಾಯಾಧಿಕರಣವು ಈ ಎರಡು ಹಳ್ಳಗಳಿಗೆ ಸೇರಿ ಕೊಟ್ಟುದು 3.9 ಟಿ.ಎಂ.ಸಿ. ಮಾತ್ರ. ಶಿಕ್ಷಕ ಬಂಧುಗಳು ಇದನ್ನು ಕರಿಹಲಗೆಯ ಮೇಲೆ ಬರೆದು ಭಾಗಿಸಲಿ: ಮೊದಲಿನ ಅಂದಾಜಿನಂತೆ ಒಂದು ಟಿ.ಎಂ.ಸಿ. ನೀರಿಗೆ ಹನ್ನೆರಡು ಕೋಟಿಯ ಮೇಲೆ ಸ್ವಲ್ಪ. ನಂತರದ ಲೆಕ್ಕದಂತೆ 430 ಕೋಟಿ. ಎರಡು ದಶಕಗಳಲ್ಲಿ ರೂಪಾಯಿಯ ಬೆಲೆ ಇಳಿದುದು ಸುಳ್ಳಲ್ಲ. ಆದರೆ ಮೂವತ್ತೈದು ಪಟ್ಟು ಇಳಿಯಿತೆಂದು ಯಾವ ಅರ್ಥಶಾಸ್ತ್ರಿಯೂ ಹೇಳಲಾರನು.

ಗೋವೆಯ ವ್ಯಾಜ್ಯವೇ ಇದಕ್ಕೆಲ್ಲ ಕಾರಣವೆಂದು ಅಧಿಕಾರಸ್ಥರು ಹೇಳುವರು. ಗೋವೆಯ ಹಟವನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಪಾಲಿನ ನೀರು ನಮಗೆ ಬರಲೇಬೇಕು. ಆದರೆ ಒಂದು ಮಾತಿಗೆ ಉತ್ತರ ಬೇಕು. 2002ರ ಏಪ್ರಿಲದಲ್ಲಿ ಕೇಂದ್ರವು ತತ್ತ್ವತಃ ಕೊಟ್ಟ ಒಪ್ಪಿಗೆಯನ್ನು ಅದೇ ವರ್ಷದ ಸೆಪ್ಟೆಂಬರದಲ್ಲಿ ತಾನೇ ತಡೆಹಿಡಿದಿತ್ತು. ಒಪ್ಪಿಗೆಯು ಕೈಯಲ್ಲಿಲ್ಲದೆ, ಅರಣ್ಯದ ಅನುಮತಿಯು ಇತ್ಯರ್ಥವಾಗದೆ, 2006ರಲ್ಲಿ ಕಣಕುಂಬಿಯಲ್ಲಿ ಗುದ್ದಲಿಪೂಜೆ ಮಾಡಿ ನೆಲವನ್ನು ಅಗೆಯಲಿಕ್ಕೆ ತೊಡಗಿದುದು ಯಾವ ಲೆಕ್ಕಾಚಾರದಿಂದ? ಗೋಡೆ ಏಳುವ ಮೊದಲೇ ಹೊಸ್ತಿಲ ಪೂಜೆ ಮಾಡಿ ಊರಿಗೆ ಊಟ ಹಾಕುವ ಗೃಹಸ್ಥನನ್ನು ನಾವು ದುಂದುಗಾರನೆನ್ನುತ್ತೇವೆ. 2022ರ ಡಿಸೆಂಬರದಲ್ಲಿ ಕೇಂದ್ರ ಜಲ ಆಯೋಗವು ಪರಿಷ್ಕೃತ ವರದಿಗೆ ಸಮ್ಮತಿಸಿದಾಗ ಪಟಾಕಿ ಹಾರಿಸಿದವರಿಗೂ ಅರಣ್ಯ ಮತ್ತು ವನ್ಯಜೀವಿಗಳ ಅನುಮತಿಯು ಬಾಕಿಯುಳಿದುದು ತಿಳಿದೇ ಇತ್ತು.

ಇನ್ನೊಂದು ಮಾತು. 2024ರಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡದ ಸುಧಾರಣೆಗೆಂದು ಕೇಂದ್ರದಿಂದ 100 ಕೋಟಿ ಮಂಜೂರಾದಾಗ, ‘ಅನುದಾನ ಬಂತು’ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಅದು ಐವತ್ತು ವರ್ಷಗಳ, ಬಡ್ಡಿಯಿಲ್ಲದ ಸಾಲ! ಸಾಲವು ಪಾಪವಲ್ಲ, ಗುಡ್ಡಕ್ಕೆ ಬರುವ ಲಕ್ಷಾಂತರ ಭಕ್ತರಿಗೆ ನೀರು, ನೆರಳು, ಶೌಚಗೃಹಗಳು ಬೇಕೇ ಬೇಕು. ಆದರೆ ಸಾಲವನ್ನು ದಾನವೆಂದು ಬರೆದುಕೊಂಡ ಕಿರ್ದಿಯನ್ನು ಯಾವ ಸಾಹುಕಾರನೂ ನಂಬನು.

ಹಾಗಾದರೆ ಮಾಡಬೇಕಾದುದೇನು? ಹೊಸ ಆಯೋಗವೊಂದು ಬೇಕೆಂದು ನಾವು ಕೇಳುವುದಿಲ್ಲ. ಆಯೋಗಗಳಿಗೆ ಈ ನಾಡಿನಲ್ಲಿ ಬರವಿಲ್ಲ. ಇದ್ದ ಕಾಯಿದೆಯನ್ನೇ ಮುಂದಕ್ಕೆ ಒಯ್ಯಿರಿ. ನಮ್ಮ ಗ್ರಾಮ ಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕೆಂದು 2004ರಲ್ಲಿ ನಿಯಮಗಳಾದವು. ಈ ಶಬ್ದದ ಪಲ್ಲಟವನ್ನು ನೋಡಿರಿ: ಕಂಪನಿಯ ಕಾಲದಲ್ಲಿ ಜಮಾಬಂದಿಯೆಂದರೆ ಸರಕಾರವು ರೈತನ ಲೆಕ್ಕವನ್ನು ನೋಡುವುದು, ಈಗ ರೈತನು ಸರಕಾರದ ಲೆಕ್ಕವನ್ನು ನೋಡುವುದು. ಖರ್ಚಿನ ಪುಸ್ತಕವನ್ನು ಜನರ ಮುಂದೆ ಓದಬೇಕು, ಕಟ್ಟಿದ ಚರಂಡಿಯನ್ನು ಕಣ್ಣಾರೆ ಹೋಗಿ ನೋಡಬೇಕು. ಇಷ್ಟು ಒಳ್ಳೆಯ ಹಕ್ಕು ನಮ್ಮ ಕೈಗೆ ಬಂದಿದ್ದರೂ, ಆ ದಿನ ಸಭೆಗೆ ಕೂಡುವವರು ಎಷ್ಟು ಮಂದಿ? ಓದುಬರಹ ಬಲ್ಲ ನಮ್ಮವರಲ್ಲಿ ಎಷ್ಟು ಮಂದಿ ಆ ಪುಸ್ತಕವನ್ನು ಕೇಳಿ ಪಡೆದಿದ್ದಾರೆ? ಈ ತಪ್ಪು ಸರಕಾರದ್ದಲ್ಲ, ನಮ್ಮದು.

ಆದರೆ ಚರಂಡಿಗೆ ಇರುವ ಜಮಾಬಂದಿಯು ಕಾಲುವೆಗೆ ಇಲ್ಲ. ಮಲಪ್ರಭೆಯ ಕೆಲಸವು ಕಂಪನಿ ಕಾಯಿದೆಯಂತೆ 1998ರಲ್ಲಿ ಹುಟ್ಟಿದ ಕರ್ನಾಟಕ ನೀರಾವರಿ ನಿಗಮದ ಕೈಯಲ್ಲಿದೆ. ಎರಡು ಲಕ್ಷದ ರಸ್ತೆಯ ಲೆಕ್ಕವನ್ನು ಗ್ರಾಮಸಭೆಯು ಕೇಳಬಹುದು. ನೂರಾರು ಕೋಟಿಯ ಕಾಲುವೆಯ ಲೆಕ್ಕವು ಆ ಸಭೆಗೆ ಬರುವುದಿಲ್ಲ. ಇದು ಯಾವ ನ್ಯಾಯ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳಲ್ಲಿ ವರ್ಷಕ್ಕೊಮ್ಮೆ ನಿಗಮದ ಇಂಜಿನಿಯರರು ಜನರೆದುರು ನಿಂತು, ಮೂಲ ಅಂದಾಜು, ಏರಿಸಿದ ಅಂದಾಜು, ಏರಿಸಿದುದಕ್ಕೆ ಕಾರಣ, ಗುತ್ತೇದಾರರಿಗೆ ಸಂದ ಹಣ, ಮಾರ್ಚ ತಿಂಗಳೊಂದರಲ್ಲಿಯೇ ಖರ್ಚಾದ ಹಣ, ನೀರು ಮುಟ್ಟಿದ ಎಕರೆ ಇವುಗಳನ್ನು ಕನ್ನಡದಲ್ಲಿ ಓದಿ ಹೇಳಬೇಕು. ಓದಿದ ಹಾಳೆಯನ್ನು ಪಂಚಾಯತಿಯ ಗೋಡೆಗೆ ಅಂಟಿಸಬೇಕು. ಅನುಮತಿ, ನೆಲ, ಹಣ ಈ ಮೂರೂ ಕೈಗೆ ಬಾರದೆ ಯಾವ ಮಂತ್ರಿಯೂ ಗುದ್ದಲಿಯನ್ನು ಮುಟ್ಟಬಾರದೆಂದು ವಿಧಾನಮಂಡಲವು ಕಟ್ಟುಮಾಡಬೇಕು.

ಬೆಳಗಾವಿಯ ಸುವರ್ಣ ವಿಧಾನಸೌಧವು 2012ರಲ್ಲಿ ತೆರೆಯಿತು. ಚಳಿಗಾಲದಲ್ಲಿ ಅಲ್ಲಿ ಕೆಲವು ದಿನ ಅಧಿವೇಶನ ಕೂಡುವಾಗ ನಮ್ಮ ನಾಲ್ಕು ತಾಲೂಕುಗಳ ಶಾಸಕರು ಅದೇ ಹಾದಿಯಿಂದ ಹೋಗಬೇಕು. ಅವರು ಹೊರಡುವ ಮುಂಚೆ, ಕಾಲುವೆಯ ಜಮಾಬಂದಿಯ ಬಗ್ಗೆ ಸಭೆಯಲ್ಲಿ ಪ್ರಶ್ನೆ ಎತ್ತುವಿರೋ ಇಲ್ಲವೋ ಎಂದು ಪ್ರತಿ ಊರಿನ ಶಿಕ್ಷಕರೂ ವರ್ತಕರೂ ಲಿಖಿತವಾಗಿ ಕೇಳಲಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಲಿ.