ಕಾರಣ ಬೇರೆ, ಅಪರಾಧ ಬೇರೆ

ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲ, ಇವನದೋ ಹೆತ್ತವರದೋ ಎಂದು ಪ್ರಭುವನ್ನು ಕೇಳಿದ ಪ್ರಸಂಗ ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯದಲ್ಲಿದೆ. ಪ್ರಭು ಎರಡನ್ನೂ ನಿರಾಕರಿಸಿದರು. ಆದರೂ ಆ ಪ್ರಶ್ನೆ ನಮ್ಮನ್ನು ಬಿಟ್ಟುಹೋಗಿಲ್ಲ. ಆಟಿಸಂ ಇರುವ ಮಗುವಿನ ತಾಯಿಗೆ ಅದು ನಾನಾ ರೂಪದಲ್ಲಿ ಎದುರಾಗುತ್ತದೆ: ಬಸುರಿನಲ್ಲಿ ಏನು ತಿಂದೆ, ಯಾವ ಹರಕೆ ಮರೆತೆ, ವಿಶ್ವಾಸವಿಟ್ಟು ಪ್ರಾರ್ಥಿಸಿದೆಯಾ?

ವಿದ್ವಾಂಸರೂ ಇದಕ್ಕೆ ಹೊರತಾಗಿರಲಿಲ್ಲ. 1943ರಲ್ಲಿ ವೈದ್ಯ ಲಿಯೋ ಕ್ಯಾನರ್ ಈ ಸ್ಥಿತಿಯನ್ನು ವಿವರಿಸಿದರು. ಬಳಿಕ, ತಾಯಿಯ ಮಮತೆಯ ಕೊರತೆಯೇ ಇದರ ಮೂಲವೆಂಬ ವಾದ ಬಹುಕಾಲ ಮೆರೆಯಿತು. ಸ್ವತಃ ಇಂತಹ ಮಗುವಿನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲಿ ಗ್ರಂಥವನ್ನೇ ಬರೆದು ಅದನ್ನು ಖಂಡಿಸಿದರು. ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಅದರಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದು ಎಂಬುದು ಇಂದಿನ ತಿಳಿವಳಿಕೆ. ಒಂದು ಸ್ಥಿತಿಗೆ ಕಾರಣವಿರಬಹುದು. ಆದರೆ ಕಾರಣವೆಲ್ಲ ಅಪರಾಧವಲ್ಲ. ಅರಿವೂ ಸಮ್ಮತಿಯೂ ಇಲ್ಲದೆಡೆ ಪಾಪವಿಲ್ಲ. ಗುಣವಾಗದಿದ್ದುದಕ್ಕೆ ಹೆತ್ತವರ ಅಲ್ಪವಿಶ್ವಾಸವೇ ಕಾರಣವೆಂದು ಪ್ರಾರ್ಥನಾಕೂಟಗಳಲ್ಲಿ ಹೇಳುವುದು ಭಕ್ತಿಯಲ್ಲ, ಕ್ರೌರ್ಯ.

ಬಸವಾಪಟ್ಟಣ, ಹೊನ್ನಾಳಿ, ನ್ಯಾಮತಿ ಸೀಮೆಯ ಹೆತ್ತವರು ಮಗುವನ್ನು ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೋ ಕರೆದೊಯ್ಯಬೇಕೆಂದರೆ ದಿನಗಟ್ಟಲೆ ಕೂಲಿ ಬಿಡಬೇಕು. ರಾತ್ರಿ ನಿದ್ದೆಯಿಲ್ಲ; ಮದುವೆ ಮುಂಜಿಗಳಿಗೆ ಕರೆಯುವವರಿಲ್ಲ. ತಾವು ಕಣ್ಮುಚ್ಚಿದ ಮೇಲೆ ಮಗುವಿಗೆ ಯಾರು ಗತಿ ಎಂಬ ಭಯ ಎಲ್ಲಕ್ಕಿಂತ ಮಿಗಿಲು. ಈ ಭಯಕ್ಕೆ ಕಾನೂನಿನಲ್ಲಿ ಸ್ವಲ್ಪ ಆಸರೆಯುಂಟು. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ, 18 ವರ್ಷ ತುಂಬಿದವರಿಗೂ ಪೋಷಕರನ್ನು ನೇಮಿಸಿಕೊಳ್ಳಬಹುದು. 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯಿದೆ. ಅರ್ಜಿ ತುಂಬಲು ಧರ್ಮಕೇಂದ್ರದ ವಿದ್ಯಾವಂತ ಯುವಕರು ನೆರವಾಗಲಿ.

ಕಾನೂನು ಕೊಡಲಾರದ್ದನ್ನು ನಾವು ಕೊಡಬೇಕಾಗಿದೆ. ಬಲಿಪೂಜೆಯಲ್ಲಿ ಮಗು ಕೂಗಿದರೆ ಪ್ರಾರ್ಥನೆಗೆ ಭಂಗವೆಂದು ಕೆಲವರು ದೂರುವುದುಂಟು. ಆ ಕೂಗಿಗೆ ಅಂಜಿ ಒಂದು ಕುಟುಂಬ ದೇವಾಲಯಕ್ಕೆ ಬರುವುದನ್ನೇ ನಿಲ್ಲಿಸಿದರೆ, ಅದು ಅದಕ್ಕಿಂತ ದೊಡ್ಡ ಭಂಗವಲ್ಲವೇ? 2014ರ ನವೆಂಬರ್‌ನಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸ್‌ರವರು ಆಟಿಸಂ ಇರುವವರನ್ನೂ ಅವರ ಕುಟುಂಬಗಳನ್ನೂ ವ್ಯಾಟಿಕನ್ನಿಗೆ ಬರಮಾಡಿಕೊಂಡು, ಇವರ ಒಂಟಿತನವನ್ನು ನೀಗಿಸುವುದು ಎಲ್ಲರ ಹೊಣೆಯೆಂದು ಬೋಧಿಸಿದರು.

ಆದ್ದರಿಂದ ನಮ್ಮ ಮಹಿಳಾ ಸಂಘಗಳಿಗೆ ಒಂದು ಬಿನ್ನಹ. ಮಗುವಿನ ಅಭ್ಯಾಸಗಳನ್ನು ಮೊದಲು ತಾಯಿಯಿಂದಲೇ ಕೇಳಿ ತಿಳಿಯಿರಿ. ಬಳಿಕ ವಾರಕ್ಕೊಮ್ಮೆ ಎರಡು ತಾಸು ಆ ಮಗುವಿನೊಡನೆ ಇರಿ. ಆ ಹೊತ್ತಿನಲ್ಲಿ ತಾಯಿ ಮಲಗಲಿ, ಇಲ್ಲವೇ ಸಂತೆಗೆ ಹೋಗಿಬರಲಿ. ಅದು ನಮ್ಮ ಸಮುದಾಯ ಸಲ್ಲಿಸುವ ಯೋಗ್ಯ ಕಾಣಿಕೆಯಾದೀತು.