ನಾಡಿ ಹಿಡಿಯುವ ಯಂತ್ರಗಳು

ಫಲಿತಾಂಶದ ದಿನ ಮನೆಮಂದಿಯೆಲ್ಲ ಪರದೆಯ ಮುಂದೆ ಕೂತಾಗ ಜಾಲತಾಣ ತೆರೆಯದಿದ್ದರೆ ನಾವು ಬಯ್ಯುವುದು ‘ಸರ್ವರ್’ ಎಂಬ ಕಾಣದ ಯಂತ್ರವನ್ನು. ಇಂಥ ಹೊತ್ತಿಗೆಂದೇ ಒಂದರ ಬದಲು ಎರಡು-ಮೂರು ಸರ್ವರ್‌ಗಳ ಗುಂಪು ಕಟ್ಟುವುದುಂಟು. ಅದೇ ಕ್ಲಸ್ಟರ್. ಒಂದು ಮಲಗಿದರೆ ಇನ್ನೊಂದು ಕೆಲಸ ಹಿಡಿಯಬೇಕು. ಆದರೆ ಮಲಗಿತೆಂದು ಗೊತ್ತಾಗುವುದು ಹೇಗೆ?

ಲಿನಕ್ಸ್ ಗಣಕಗಳಲ್ಲಿ ಇದಕ್ಕೆ ‘ಪೇಸ್‌ಮೇಕರ್’ ಎಂಬ ತಂತ್ರಾಂಶವಿದೆ. ಹೃದಯಕ್ಕಿಡುವ ಸಾಧನದ ಹೆಸರೇ! ನಾವು ಗೊತ್ತುಪಡಿಸಿದಷ್ಟು ಸೆಕೆಂಡಿಗೊಮ್ಮೆ ಅದು ಪ್ರತಿ ಸೇವೆಯ ಯೋಗಕ್ಷೇಮ ವಿಚಾರಿಸುತ್ತದೆ. ಉತ್ತರ 0 ಎಂದರೆ ಕ್ಷೇಮ, 7 ಎಂದರೆ ಸೇವೆ ನಿಂತಿದೆ. (ಸೊನ್ನೆ ಬಂದರೆ ಪಾಸು ಎಂಬ ಪರೀಕ್ಷೆ ಇದೊಂದೇ ಇರಬೇಕು.)

ವಿಚಾರಣೆಯಲ್ಲೂ ದರ್ಜೆಗಳಿವೆ. ಪ್ರೋಗ್ರಾಂ ಮೆಮೊರಿಯಲ್ಲಿದೆಯೇ ಎಂದಷ್ಟೇ ನೋಡುವುದು ತರಗತಿಯಲ್ಲಿ ಹಾಜರಿ ಹಾಕಿದ ಹಾಗೆ. ಹುಡುಗ ಪಾಠ ಕೇಳುತ್ತಿದ್ದಾನೋ, ತೂಕಡಿಸುತ್ತಿದ್ದಾನೋ ಯಾರಿಗೆ ಗೊತ್ತು? ಪೋಸ್ಟ್‌ಗ್ರೆಸ್ ದತ್ತಸಂಚಯಕ್ಕಾದರೆ ‘ಈಗ ಗಂಟೆ ಎಷ್ಟು?’ ಎಂದು ಕೇಳಿ ಉತ್ತರ ಪಡೆಯುವ ಏರ್ಪಾಡಿದೆ. ನನ್ನ ಮಟ್ಟಿಗೆ ಇದೇ ಸರಿಯಾದ ಪರೀಕ್ಷೆ.

ತೊಡಕಿರುವುದು ಉತ್ತರಕ್ಕಾಗಿ ಕಾಯುವ ಅವಧಿಯಲ್ಲಿ. ಅದು ತೀರಾ ಕಡಿಮೆಯಾದರೆ, ಜನ ಒಮ್ಮೆಗೇ ನುಗ್ಗಿದಾಗ ತಡವಾಗಿ ಉತ್ತರಿಸುವ ಸೇವೆಯನ್ನು ಸತ್ತಿತೆಂದೇ ಬಗೆದು ನಿಲ್ಲಿಸಿಬಿಡುತ್ತದೆ. ಹೆಚ್ಚಾದರೆ ನಿಜವಾದ ಸಾವೂ ತಡವಾಗಿ ತಿಳಿಯುತ್ತದೆ. ಅವಧಿಯನ್ನು ಅಳೆಯಬೇಕಾದದ್ದು ನೂಕುನುಗ್ಗಲಿನಲ್ಲೇ ಹೊರತು ಬಿಡುವಿನ ವೇಳೆಯಲ್ಲಲ್ಲ.

2018ರ ಅಕ್ಟೋಬರ್ 21ರಂದು ಅಮೆರಿಕದ ಗಿಟ್‌ಹಬ್ ಸಂಸ್ಥೆಯಲ್ಲಿ ಒಂದು ಉಪಕರಣ ಬದಲಿಸುವಾಗ ಪೂರ್ವ ಕರಾವಳಿಯ ದತ್ತಕೇಂದ್ರದ ಸಂಪರ್ಕ ಕಡಿಯಿತು. ಬರೀ 43 ಸೆಕೆಂಡು! ಅಷ್ಟರಲ್ಲಿ ‘ಆರ್ಕೆಸ್ಟ್ರೇಟರ್’ ಎಂಬ ನಿಗಾ ತಂತ್ರಾಂಶ ಪೂರ್ವದ ಯಂತ್ರಗಳ ಕಥೆ ಮುಗಿಯಿತೆಂದು ಪಶ್ಚಿಮ ಕರಾವಳಿಗೆ ಯಜಮಾನಿಕೆ ಒಪ್ಪಿಸಿತು. ಪೂರ್ವದಲ್ಲಿ ಬರೆದಿದ್ದ ಕೆಲವು ದಾಖಲೆಗಳು ಪಶ್ಚಿಮಕ್ಕೆ ತಲುಪಿರಲಿಲ್ಲ. ಪಶ್ಚಿಮದಲ್ಲೋ ಹೊಸವು ಬೀಳತೊಡಗಿದ್ದವು. ಒಂದೇ ಅಂಗಡಿಗೆ ಎರಡು ಲೆಕ್ಕದ ಪುಸ್ತಕ! ದಾಖಲೆ ಕಳೆಯುವುದಕ್ಕಿಂತ ಸೇವೆ ಕುಂಟುವುದೇ ಮೇಲೆಂದು ಇಂಜಿನಿಯರುಗಳು ನಿರ್ಧರಿಸಿದರು. ಎಲ್ಲ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಆಮೇಲೆ, ಯಜಮಾನಿಕೆ ಹೀಗೆ ಪ್ರದೇಶದ ಗಡಿ ದಾಟದಂತೆ ಆರ್ಕೆಸ್ಟ್ರೇಟರನ್ನು ಹೊಂದಿಸಿದರು.

ಇಂಜಿನಿಯರಿಂಗ್ ಓದುತ್ತಿರುವವರು ಇದನ್ನು ಮನೆಯ ಕಂಪ್ಯೂಟರಿನಲ್ಲೇ ಪ್ರಯೋಗಿಸಬಹುದು. ಪೇಸ್‌ಮೇಕರ್ ಉಚಿತವಾದ್ದರಿಂದ ಅಪ್ಪ-ಅಮ್ಮಂದಿರಿಗೂ ಗಾಬರಿ ಬೇಡ. ಎರಡು ಕಾಲ್ಪನಿಕ ಯಂತ್ರ ಹೂಡಿ, ಪೋಸ್ಟ್‌ಗ್ರೆಸ್ ಪ್ರೋಗ್ರಾಮನ್ನು ಕೊಲ್ಲದೆ ‘ಸ್ಟಾಪ್’ ಸಂಕೇತ ಕೊಟ್ಟು ಸ್ತಬ್ಧಗೊಳಿಸಿ ನೋಡಿ. ಹಾಜರಿ ಹಾಕುವ ಪರೀಕ್ಷೆ ‘ಕ್ಷೇಮ’ ಎನ್ನುತ್ತಲೇ ಇರುತ್ತದೆ. ಗಂಟೆ ಕೇಳುವ ಪರೀಕ್ಷೆ ಅವಧಿ ಮುಗಿದೊಡನೆ ಕೂಗಿಕೊಳ್ಳುತ್ತದೆ.