ನರ್ಸ್‌ಗಳು ಸಿಡುಕುವುದು ಸೇವಾ ಮನೋಭಾವ ಇಲ್ಲದ್ದಕ್ಕೇ?

“ಈಗಿನ ನರ್ಸ್‌ಗಳಿಗೆ ಸೇವಾ ಮನೋಭಾವವೇ ಇಲ್ಲ, ಕರೆದರೆ ಬರೋದಿಲ್ಲ, ಬಂದರೂ ಸಿಡುಕುತ್ತಾರೆ” ಎಂಬಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಮೇ 12ರ ದಾದಿಯರ ದಿನ ಬಂತೆಂದರೆ ಅದೇ ಗುಂಪಿನಲ್ಲಿ ಅವರು ದೇವತೆಗಳಾಗುತ್ತಾರೆ. ಎರಡೂ ಸಂದೇಶಗಳು ನರ್ಸ್‌ನ ಸ್ವಭಾವದ ಬಗ್ಗೆಯೇ ಮಾತಾಡುತ್ತವೆ. ಒಂದು ಪಾಳಿಯಲ್ಲಿ ಆಕೆ ಎಷ್ಟು ರೋಗಿಗಳನ್ನು ನೋಡಿಕೊಳ್ಳಬೇಕು ಎಂದು ಯಾವುದೂ ಕೇಳುವುದಿಲ್ಲ.

ಕೇಳಬೇಕಾದ ಪ್ರಶ್ನೆ ಅದೇ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಬಗ್ಗೆ ಲಿಂಡಾ ಐಕೆನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. 10 ಸಾವಿರಕ್ಕೂ ಹೆಚ್ಚು ನರ್ಸ್‌ಗಳ ಉತ್ತರಗಳನ್ನು, ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು 2.3 ಲಕ್ಷ ರೋಗಿಗಳ ದಾಖಲೆಗಳನ್ನು ಅವರು ಜೊತೆಗಿಟ್ಟು ನೋಡಿದರು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಆಕೆಗೆ ಕೆಲಸದಲ್ಲಿ ಅತೃಪ್ತಿ ಇರುವ ಸಾಧ್ಯತೆ ಶೇ. 15ರಷ್ಟು, ತೀವ್ರ ಬಳಲಿಕೆಯ ಸಾಧ್ಯತೆ ಶೇ. 23ರಷ್ಟು ಏರುತ್ತಿತ್ತು. ರೋಗಿ 30 ದಿನದೊಳಗೆ ಸಾಯುವ ಸಾಧ್ಯತೆಯೂ ಶೇ. 7ರಷ್ಟು ಏರುತ್ತಿತ್ತು. ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲ, ನಿಜ. ಆದರೆ ವಾರ್ಡಿನ ಕೆಲಸ ನೋಡಿದರೆ ಇದು ಆಶ್ಚರ್ಯವಲ್ಲ. ಇಂಜೆಕ್ಷನ್, ಮಾತ್ರೆ, ಡ್ರಿಪ್, ಬಿಪಿ, ಇಷ್ಟನ್ನೂ ಫೈಲಿನಲ್ಲಿ ಬರೆಯುವುದು, ಇವು ಹೇಗೋ ಮುಗಿಯುತ್ತವೆ. ಬಿಟ್ಟುಹೋಗುವುದು ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಉಸಿರಾಟದಲ್ಲಿ ಆದ ಸಣ್ಣ ವ್ಯತ್ಯಾಸ ಗಮನಿಸುವುದು, ಎರಡು ಮಾತಾಡುವುದು.

ನಮ್ಮಲ್ಲಿ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ, ಏಕೆಂದರೆ ಮನೆಯವರೇ ಅದನ್ನು ತುಂಬುತ್ತಾರೆ. ಡ್ರಿಪ್ ಮುಗಿಯಿತೇ ಎಂದು ರಾತ್ರಿಯಿಡೀ ಎದ್ದು ಕೂತು ನೋಡಿ “ಸಿಸ್ಟರ್” ಎಂದು ಓಡುವವರು ನಾವು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ವಾರ್ಡಿನಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ ಒಬ್ಬರು. ನೀವು ಕಂಡ ವಾರ್ಡಿನಲ್ಲಿ ನೈಟ್ ಡ್ಯೂಟಿಗೆ ಎಷ್ಟು ಜನ ಇದ್ದರು, ಲೆಕ್ಕ ಹಾಕಿ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಮಿತಿ 2004ರಿಂದ ಕಾನೂನಾಗಿಯೇ ಜಾರಿಯಲ್ಲಿದೆ.

ಇನ್ನು ಸಂಬಳ. ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ರಚಿಸಿದ ಸಮಿತಿ 2016ರಲ್ಲಿ ಖಾಸಗಿ ಆಸ್ಪತ್ರೆ ಎಷ್ಟೇ ಚಿಕ್ಕದಿರಲಿ, ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು ಎಂದಿತು. ಅದು ಶಿಫಾರಸು ಮಾತ್ರ. ಜಾರಿಗೆ ತರುವ ಹೊಣೆ ಬಿದ್ದದ್ದು ರಾಜ್ಯಗಳ ಮೇಲೆ.